ಅವ್ವನ ದನಿ ಹಿಡಿಯುವ ಮಷೀನು

ಹೊಸಪೇಟೆಯ ಆ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಸಿಗುತ್ತಿದ್ದುದು ನನ್ನ ಗಂಡನಿಗೆ.

"ಇದರ ಪವರ್ ಸಪ್ಲೈ ಹಳೇದಾಗೈತ್ರಿ. ಅದನ್ನ ಬದಲಿ ಮಾಡ್ರಿ, ಒಂದು ದೊಡ್ಡ ಹಾರ್ಡ್ ಡಿಸ್ಕ್ ಹಾಕ್ರಿ, ಟಿವಿ ರೆಕಾರ್ಡ್ ಮಾಡಾಕ ಟ್ಯೂನರ್ ಕಾರ್ಡ್ ಕೂಡಸ್ರಿ, ಸಾಕು," ಅಂದೆ, ಕೌಂಟರಿನ ಮೇಲಿಟ್ಟಿದ್ದ ಮಗಳ ಹಳೆಯ ಕಂಪ್ಯೂಟರಿನ ಡಬ್ಬಿ ತೋರಿಸಿ.

ಅಂಗಡಿಯವನು ನನ್ನ ತಲೆಯ ಮೇಲಿಂದ ನನ್ನ ಗಂಡನನ್ನು ನೋಡಿದ. "ಸರ್, ಟಿವಿ ರೆಕಾರ್ಡಿಂಗ್ ಅಂದ್ರ ವಿಡಿಯೋ ಅಲ್ರಿ? ವಿಡಿಯೋಕ್ಕ ಗ್ರಾಫಿಕ್ಸ್ ಕಾರ್ಡ್ ಇಲ್ಲಂದ್ರ ನಡಿಯಂಗಿಲ್ಲ."

"ನಾ ಕೇಳಾಕತ್ತೀನ್ರಿ," ಅಂದೆ.

"ಮೇಡಮ್, ಸರ್‌ಗೆ ಗೊತ್ತಾಗ್ತೈತಿ ಬಿಡ್ರಿ," ಅಂದ ಅವನು. ಸರ್‌ಗೆ ಏನೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಿಕ್ಸಿಯ ಪ್ಲಗ್ ಬದಲಿಸುವವಳೂ ನಾನೇ. ಆದರೂ ನನ್ನ ಗಂಡ ತಲೆ ಆಡಿಸಿದ. ಮಿಣಮಿಣ ದೀಪದ, ಎರಡು ಫ್ಯಾನಿನ ಕಾರ್ಡೊಂದು ಡಬ್ಬಿಯಿಂದ ಹೊರಗೆ ಬಂತು. ಪವರ್ ಸಪ್ಲೈ ಹಳೆಯದೇ ಉಳಿಯಿತು.

ಆ ಮಷೀನು ನನಗೆ ಯಾಕೆ ಬೇಕಾಗಿತ್ತು ಅಂತ ಹೇಳಬೇಕು. ನನ್ನ ಅವ್ವ ಕಂಪ್ಲಿಯವಳು. ಬಯಲಾಟದ ಮೇಳದಲ್ಲಿ ರಾಣಿ ಪಾರ್ಟು ಮಾಡುತ್ತಿದ್ದಳು. ಅವಳು ತೆರೆಯ ಹಿಂದಿನಿಂದ ದನಿ ಎತ್ತಿದರೆ ಮೈಕಿನವನು ಬಂದು ಮೈಕು ಸಣ್ಣ ಮಾಡುತ್ತಿದ್ದ. ಆಮೇಲೆ ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಮಾತು ಪಿಸುಗುಡುವಷ್ಟು ಉಳಿಯಿತು, ಹಾಡು ಹೋಯಿತು. ಅವಳ ಹಾಡು ನಮ್ಮಲ್ಲಿ ಯಾರ ಫೋನಿನಲ್ಲೂ ಇಲ್ಲ. ಆಟ ನಡೆಯುವಾಗ ನಾವೆಲ್ಲ ನೋಡುತ್ತ ಕೂತವರೇ, ಹಿಡಿದಿಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಇದ್ದದ್ದು ಒಂದೇ. ಆಪರೇಷನ್ನಿಗೆ ಮೊದಲು ಒಂದು ಚಾನೆಲ್ಲಿನವರು ಹಂಪಿಗೆ ಮೇಳವನ್ನು ಕರೆಸಿ, ಬಂಡೆಗಳ ಮುಂದೆ ಲೈಟು ನಿಲ್ಲಿಸಿ, ಇಡೀ ಆಟ ಶೂಟ್ ಮಾಡಿಕೊಂಡು ಹೋಗಿದ್ದರು. ಕಾಪಿ ಕೊಡುತ್ತೇವೆ ಅಂದಿದ್ದರು. ಫೋನ್ ಮಾಡಿದಾಗಲೆಲ್ಲ ಒಬ್ಬರು ಇನ್ನೊಬ್ಬರ ನಂಬರು ಕೊಟ್ಟರು. ಕೊನೆಗೆ ಒಬ್ಬ ಹೆಣ್ಣುಮಗಳು, "ಮಧ್ಯಾಹ್ನದ ಸ್ಲಾಟಲ್ಲಿ ಹಳೇವು ಹಾಕ್ತಾ ಇರ್ತೀವಿ, ನೋಡ್ತಾ ಇರಿ," ಅಂದಳು. ಯಾವ ದಿನ ಅಂದರೆ ಅವಳಿಗೂ ಗೊತ್ತಿಲ್ಲ. ಆ ಆಟ ಒಮ್ಮೆ ಬಂದು ಹೋದದ್ದು ನಮಗೆ ಗೊತ್ತಾದದ್ದು, ಕಂಪ್ಲಿಯ ಕಿರಾಣಿ ಅಂಗಡಿಯವನು ಅವ್ವನಿಗೆ, "ಭಾಳ ಚಂದ ಹಾಡಿದ್ರಿ ನಿನ್ನೆ," ಅಂದಾಗ. ಅವ್ವ ಆ ದಿನ ಸಾಮಾನು ತರದೆ ಬರಿಗೈಯಲ್ಲಿ ಮನೆಗೆ ಬಂದಿದ್ದಳು.

ನಾನು ದೋಣಿಮಲೈ ಗಣಿಯ ಲ್ಯಾಬಿನಲ್ಲಿ ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುವವಳು. ಮಧ್ಯಾಹ್ನ ಟಿವಿ ಮುಂದೆ ಕೂರುವ ಪುಣ್ಯ ನನಗಿಲ್ಲ. ಹಾಗಾಗಿ ಮಗಳ ಹಳೆಯ ಕಂಪ್ಯೂಟರನ್ನೇ ರೆಕಾರ್ಡರ್ ಮಾಡಬೇಕು, ಅದು ದಿನಾ ಆ ಹೊತ್ತಿಗೆ ತಾನೇ ಆ ಚಾನೆಲ್ಲನ್ನು ಹಿಡಿದಿಡಬೇಕು ಅಂತ ಓದತೊಡಗಿದೆ. ಪುಕ್ಕಟೆ ಚಾನೆಲ್ಲುಗಳು ಡಿಶ್ಶಿನಿಂದ ಬರುವಾಗಲೇ ಕಂಪ್ಯೂಟರಿಗೆ ಬೇಕಾದ ರೂಪದಲ್ಲಿ ಸಿದ್ಧವಾಗಿ ಬರುತ್ತವೆ. ಟ್ಯೂನರ್ ಕಾರ್ಡು ಅವನ್ನು ಒಳಗೆ ಬಿಡುತ್ತದೆ, ಹಾರ್ಡ್ ಡಿಸ್ಕು ತುಂಬಿಕೊಳ್ಳುತ್ತದೆ. ಕಾಲುವೆಯ ತೂಬು ಎತ್ತಿ ಗದ್ದೆಗೆ ನೀರು ಬಿಟ್ಟ ಹಾಗೆ. ಅದಕ್ಕೆ ದೊಡ್ಡ ಪ್ರೊಸೆಸರ್ ಬೇಕಿಲ್ಲ, ಗ್ರಾಫಿಕ್ಸ್ ಕಾರ್ಡ್ ಅಂತೂ ಬೇಕೇ ಇಲ್ಲ. ಬೇಕಾದದ್ದು ನಡುವೆ ಕೈಕೊಡದ ಪವರ್ ಸಪ್ಲೈ, ಬಿಸಿಯಾಗದ ಡಬ್ಬಿ. ಇಷ್ಟನ್ನು ನಾನು ಹಿಟ್ಟು ನಾದುತ್ತ ಫೋನಿನಲ್ಲಿ ಓದಿ, ಕೇಳಿ, ತಿಳಿದುಕೊಂಡಿದ್ದೆ.

ಹೊಸಪೇಟೆಯಿಂದ ಸಂಡೂರಿಗೆ ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿದೆ.

"ದಿನಾ ಅದ ಮಾಡೋರು ಅವರು. ಅವರಿಗಿಂತ ಹೆಚ್ಚು ನಮಗ ಗೊತ್ತೈತೇನು?" ಅಂದ ಗಂಡ.

"ನಮಗ ಗೊತ್ತಿಲ್ಲ. ನನಗ ಗೊತ್ತೈತಿ," ಅಂದೆ.

ಅವನು ಕೆಟ್ಟವನಲ್ಲ. ಎದುರಿಗಿದ್ದವರ ಮಾತಿಗೆ ಇಲ್ಲ ಅನ್ನಲಾರದವನು. ಆದರೆ ಅವನು ಅಂಗಡಿಯವನಿಗೆ ಇಲ್ಲ ಅನ್ನದಿದ್ದರೆ ಅದು ನನಗೆ ಇಲ್ಲ ಅಂದಂತೆ ಅನ್ನುವುದು ಅವನ ತಲೆಗೆ ಹೋಗುತ್ತಿರಲಿಲ್ಲ.

ಗಣಿಯ ಕ್ವಾರ್ಟರ್ಸಿನ ನಮ್ಮ ಮನೆಯ ಮೂಲೆಯಲ್ಲಿ ಮಷೀನು ಕೂಡಿಸಿದೆವು. ಟ್ಯೂನರ್ ಹೊಂದಿಸಿದ್ದು, ಸಮಯ ಕೊಟ್ಟದ್ದು ಎಲ್ಲ ನಾನೇ. ಮೊದಮೊದಲು ನಡೆಯಿತು. ಸಂಜೆ ಬಂದು ನೋಡಿದರೆ ಅಡುಗೆ ಕಾರ್ಯಕ್ರಮ, ಕೃಷಿ ಸಲಹೆ, ಯಾವುದೋ ಊರಿನ ಭಜನೆ ತುಂಬಿರುತ್ತಿತ್ತು, ಅಳಿಸುತ್ತಿದ್ದೆ. ಆದರೆ ಕಾರ್ಡಿನ ಫ್ಯಾನು ಬೋರ್‌ವೆಲ್ಲಿನ ಮೋಟರಿನಂತೆ ಕೂಗುತ್ತಿತ್ತು, ಡಬ್ಬಿಯ ಮೇಲೆ ಕೈ ಇಟ್ಟರೆ ಸುಡುತ್ತಿತ್ತು. ನಮ್ಮ ಊರಿನ ಕೆಂಪು ಧೂಳು ಬೇರೆ, ಎಷ್ಟು ಒರೆಸಿದರೂ ಜಾಲರಿಯಲ್ಲಿ ಕೂರುತ್ತದೆ. ಪವರ್ ಸಪ್ಲೈ ತಡೆಯಲಾರದು ಅಂತ ಹೇಳಿದೆ. "ನಡೀತೈತಲ್ಲ," ಅಂದ ಗಂಡ.

ಆಟ ಬಂದ ದಿನ ಅವನಿಗೆ ರಜೆ. ನಾನು ಲ್ಯಾಬಿನಲ್ಲಿದ್ದೆ. "ನಿಮ್ಮ ಅವ್ವ ಬರಾಕತ್ತಾಳ, ರೆಕಾರ್ಡ್ ಆಗಾಕತ್ತೈತಿ," ಅಂತ ಫೋನ್ ಮಾಡಿದ. ಸ್ಯಾಂಪಲ್ ಕುಟ್ಟುವ ಮಷೀನಿನ ಸದ್ದಿನಲ್ಲಿ ನಾನು ಒಬ್ಬಳೇ ನಗುತ್ತ ನಿಂತೆ. ಜೊತೆಯವರು ಏನಾಯ್ತು ಅಂತ ಕೇಳಿದರು, ಎಲ್ಲರಿಗೂ ಹೇಳಿದೆ.

ಸಂಜೆ ಕುಂತು ಫೈಲ್ ತೆರೆದೆ. ಗಣಪತಿ ಸ್ತುತಿ ಬಂತು. ಆಟ ನಡೆಸುವ ಸಾರಥಿ ಬಂದು ಕಥೆ ಹೇಳಿದ. ತೆರೆ ಹಿಡಿದರು. ತೆರೆಯ ಹಿಂದಿನಿಂದ ಅವ್ವ ದನಿ ಎತ್ತಿದಳು. ಒಂದು ಸಾಲು, ಇನ್ನೊಂದರ ಅರ್ಧ. ಅಲ್ಲಿಗೆ ಮುಗಿಯಿತು.

"ಏನಾತು?" ಅಂದೆ.

ಅವನು ನೀರಿನ ಚೊಂಬು ಎತ್ತಿದ, ಇಳಿಸಿದ. "ನಡುವ ಆಫ್ ಆತು. ಮತ್ತ ಆನ್ ಮಾಡಿದೆ, ಆಗಲಿಲ್ಲ. ತಣ್ಣಗಾದ ಮ್ಯಾಲ ಆತು, ಅಷ್ಟರಾಗ ಆಟ ಮುಗದಿತ್ತು. ನಿನಗ ಸಿಟ್ಟು ಬರ್ತೈತಂತ ಹೇಳಲಿಲ್ಲ."

ಬಂದದ್ದಕ್ಕೆ ಸಿಟ್ಟು ಅನ್ನುವ ಮಾತು ಸಾಲದು. ಟಿವಿ ಮುಂದೆ ಫೋನ್ ಹಿಡಿದಿದ್ದರೂ ಅವ್ವನ ಮುಖ ಸಿಗುತ್ತಿತ್ತಲ್ಲ, ಅಷ್ಟೂ ಹೊಳೆಯಲಿಲ್ಲೇನು ಅಂತ ಕೇಳಿದೆ. ಆ ಸಂಜೆ ನಾನು ಒಲೆ ಹಚ್ಚಲಿಲ್ಲ. ಮಗಳು ಪಕ್ಕದ ಮನೆಯಲ್ಲಿ ಉಂಡು ಬಂದಳು.

ಮುಂದಿನ ರಜೆಗೆ ಡಬ್ಬಿಯನ್ನು ಚಾದರದಲ್ಲಿ ಕಟ್ಟಿ ಒಬ್ಬಳೇ ಹೊಸಪೇಟೆಗೆ ಹೋದೆ.

"ಸರ್ ಬರಲಿಲ್ಲೇನ್ರಿ?" ಅಂದ ಅಂಗಡಿಯವನು.

"ಈ ಕಾರ್ಡ್ ವಾಪಸ್ ತಗೋರಿ, ಹೊಸ ಪವರ್ ಸಪ್ಲೈ ಹಾಕ್ರಿ."

"ಬಿಚ್ಚಿದ ಮಾಲು ವಾಪಸ್ ತಗೋಳಂಗಿಲ್ಲ ಮೇಡಮ್."

ಅವನ ಕೌಂಟರಿನ ಮೇಲೇ ಡಬ್ಬಿ ಬಿಚ್ಚಿ ಕಾರ್ಡು ಕಿತ್ತೆ. ಒಳಗಿನ ಧೂಳು ಅವನ ಗಾಜಿನ ಮೇಲೆಲ್ಲ ಕೆಂಪಗೆ ಉದುರಿತು. ಗಿರಾಕಿಗಳು ತಿರುಗಿ ನೋಡಿದರು. ಕಾರ್ಡಿಲ್ಲದೇ ಮಷೀನನ್ನು ಅವನ ಮಾನಿಟರಿಗೇ ಹಚ್ಚಿ, ಚಾಲೂ ಮಾಡಿ, ರೆಕಾರ್ಡಾಗಿದ್ದ ಚಿತ್ರ ತೋರಿಸಿದೆ. "ಈಗ ಹೇಳ್ರಿ, ಇದು ಯಾತಕ್ಕ ಬೇಕಿತ್ತು?" ನನ್ನ ದನಿ ಎಷ್ಟು ಏರಿತ್ತೆಂದರೆ ಎದುರಿನ ಜೆರಾಕ್ಸ್ ಅಂಗಡಿಯವನೂ ಹೊರಗೆ ಬಂದ. ಅಂಗಡಿಯವನು ಫೋನ್ ತೆಗೆದು ನನ್ನ ಗಂಡನಿಗೆ ಹಚ್ಚಿದ.

"ಸರ್, ಮೇಡಮ್ ಬಂದು ಗಲಾಟಿ ಮಾಡಾಕತ್ತಾರ್ರಿ."

ಆ ಕಡೆಯಿಂದ ಗಂಡನ ದನಿ ನನಗೂ ಕೇಳಿಸಿತು. "ಆಕಿ ಹೆಂಗ ಹೇಳ್ತಾಳೋ ಹಂಗ ಮಾಡ್ರಿ."

"ಆಯ್ತು ಸರ್," ಅಂದ. ಕಾರ್ಡು ತೆಗೆದುಕೊಂಡ, ಪವರ್ ಸಪ್ಲೈ ಹಾಕಿಕೊಟ್ಟ. ನನ್ನ ಕೆಲಸವಾಯಿತು. ಆದರೆ ಆದದ್ದು ನನ್ನ ಮಾತಿಗಲ್ಲ, ಫೋನಿನ ಆ ಕಡೆಯ ಗಂಡಸಿನ ಮಾತಿಗೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ಹೋಗುವಾಗಿದ್ದದ್ದಕ್ಕಿಂತ ಹೆಚ್ಚು ಸಿಟ್ಟಿತ್ತು. ಮನೆಗೆ ಬಂದಾಗ ಗಂಡ, "ನಿನ್ನ ಕಡೆ ಮಾತಾಡಿದೆ," ಅಂದ. ಅವನ ಮುಖದಲ್ಲಿ ಒಳ್ಳೆಯದು ಮಾಡಿದ ತೃಪ್ತಿ ಇತ್ತು. ನನ್ನ ಸಿಟ್ಟನ್ನು ಅವನಿಗೆ ಹೇಗೆ ಬಿಡಿಸಿ ಹೇಳುವುದು? ಹೇಳಲು ನೋಡಿದೆ. "ನಾ ಏನು ಮಾಡಿದರೂ ತಪ್ಪ," ಅಂದ.

ಮಳೆಗಾಲ ಕಳೆದು ಬಿಸಿಲು ಬಂದ ಮೇಲೆ ಆಟ ಮತ್ತೆ ಪ್ರಸಾರವಾಯಿತು. ನಾನು ಲ್ಯಾಬಿನಲ್ಲಿದ್ದೆ, ಗಂಡ ಡ್ಯೂಟಿಯಲ್ಲಿದ್ದ. ಯಾರೂ ಇಲ್ಲದ ಮನೆಯಲ್ಲಿ ಮಷೀನು ಸದ್ದಿಲ್ಲದೆ ಕೊನೆಯ ಮಂಗಳದವರೆಗೂ ಹಿಡಿದಿಟ್ಟಿತ್ತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕಂಪ್ಲಿಗೆ ಹೋದೆ.

ಅವ್ವ ಟಿವಿಯ ಮುಂದೆ ಚಾಪೆಯ ಮೇಲೆ ಕೂತಳು. ಕಿರೀಟ ಇಟ್ಟ ತನ್ನ ಮುಖವನ್ನು, ಬಾಯಿ ತೆರೆದು ಹಾಡುವ ತನ್ನನ್ನು, ಕಣ್ಣು ಮಿಟುಕಿಸದೆ ನೋಡಿದಳು. ನಾನು ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನಡುವೆ ತಟ್ಟನೆ ನಿಲ್ಲಿಸಿ, "ಹಿಂದಕ್ಕ ಹಾಕು," ಅಂತ ಪಿಸುಗುಟ್ಟಿದಳು. ಹಾಕಿದೆ. ಮತ್ತೆ ಕೇಳಿದಳು. ಅವಳ ಹುಬ್ಬು ಗಂಟಾಯಿತು.

"ಮದ್ದಳಿಯವ ಓಡಸ್ಯಾನ," ಅಂದಳು. "ಆವತ್ತ ಅಂದಿದ್ದೆ ನಾ. ನಿಧಾನ ಬಾರಿಸೋ ಅಂದ್ರ, ನಿನಗೇನ ತಿಳೀತೈತಿ, ನೀ ಹಾಡು ಅಂದಿದ್ದ ಅವ."

ಅವಳ ಪಿಸುದನಿಯಲ್ಲಿ ಸಿಟ್ಟು ಕುದಿಯುತ್ತಿತ್ತು. ನಾನು ಆ ಭಾಗವನ್ನು ಇನ್ನೊಮ್ಮೆ ಹಾಕಿದೆ. ಇಬ್ಬರೂ ಪಕ್ಕಪಕ್ಕ ಕೂತು ಕೇಳಿದೆವು. ಮದ್ದಳೆ ಓಡುತ್ತಿದ್ದದ್ದು ನಿಜ.