ಕಾರು ನಿಲ್ಲಿಸುವ ಜಾಗದಲ್ಲಿ ಹಾಯಿದೋಣಿ

ಮಕ್ಕಳೇ, ನಮ್ಮ ಬಸವೇಶ್ವರನಗರದ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹಾಯಿದೋಣಿ ಬಿದ್ದಿದೆ. ನೀವು ಅದರೊಳಗೆ ಶಾಲೆಯ ಚೀಲ ಎಸೆಯುತ್ತೀರಿ, ನಿಮ್ಮಮ್ಮ ಅದರ ಮೇಲೆ ಕಾಲೊರಸು ಒಣಗಿಸುತ್ತಾಳೆ. ಅದು ಯಾಕೆ ಬಂತು, ಯಾಕೆ ಅಲ್ಲೇ ಉಳಿಯಿತು ಎಂದು ಮುಂದೆ ನಿಮಗೆ ಯಾರೂ ನಿಜ ಹೇಳುವುದಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಕ್ಕ ಒಂಬತ್ತನೇ ಕ್ಲಾಸಿಗೆ ಹೋಗುವ ಬೇಸಿಗೆಯಲ್ಲಿ ಶಾಲೆಯವರು ಮಕ್ಕಳನ್ನು ಕೆಂಗೇರಿಯಿಂದಾಚೆ ಒಂದು ಕೆರೆಗೆ ಕರೆದುಕೊಂಡು ಹೋಗಿ ಹಾಯಿದೋಣಿ ಕಲಿಸಿದರು. ಹುಡುಗಿ ಬಿಸಿಲಿಗೆ ಮೂಗಿನ ತುದಿ ಸುಟ್ಟುಕೊಂಡು ಬಂದಳು. ಮಾತು ನಿಲ್ಲುತ್ತಲೇ ಇರಲಿಲ್ಲ.

"ಅಜ್ಜಿ, ಗಾಳಿ ಎದುರಿಗೆ ಬೀಸ್ತಿದ್ರೂ ಮುಂದಕ್ಕೆ ಹೋಗ್ಬಹುದು ಗೊತ್ತಾ? ನೇರಕ್ಕಲ್ಲ, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ, ವಾರೆವಾರೆಯಾಗಿ."

ಅಂದಿನಿಂದ ಅವಳಿಗೆ, ಶಾಲೆಯವರು ಕೆರೆಗೆ ಕರೆದೊಯ್ಯುವ ಭಾನುವಾರವೊಂದೇ ವಾರ. ಉಳಿದ ದಿನಗಳೆಲ್ಲ ಅದಕ್ಕಾಗಿ ಕಾಯುವುದಕ್ಕೆ.

ನಿಮ್ಮಪ್ಪ ಕಾಮಾಕ್ಷಿಪಾಳ್ಯದ ಶೆಡ್ಡುಗಳ ಬಾಡಿಗೆಯಲ್ಲಿ ಬದುಕುವ ಮನುಷ್ಯ. ಅವನಿಗೆ ನೀರೆಂದರೆ ಟ್ಯಾಂಕರಿನಲ್ಲಿ ಬರುವುದು. ಯಾರೋ ಅವನ ಕಿವಿಯಲ್ಲಿ, ಇದು ದೊಡ್ಡವರ ಆಟ, ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟಿಗೆ ಆಗುತ್ತದೆ ಎಂದು ಊದಿದರು. ಆಯುಧಪೂಜೆಯ ಹಿಂದಿನ ದಿನ ಟೆಂಪೋದಲ್ಲಿ ದೋಣಿ ಬಂದಿಳಿಯಿತು. ನನ್ನ ಮಗನಿಗೆ ಈಜು ಬರುವುದಿಲ್ಲ. ಅಂಗಿ ಮಾತ್ರ ಹೊಲಿಸಿಕೊಂಡಿದ್ದ, ಎದೆಯ ಮೇಲೆ ಲಂಗರಿನ ಚಿತ್ರ.

ಪೂಜೆಗೆ ಬೀದಿಯವರನ್ನೆಲ್ಲ ಕರೆದ. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದದ್ದಾಯಿತು. ನಿಂಬೆಹಣ್ಣಿನ ಹೊತ್ತಿಗೆ ಪುರೋಹಿತರು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ನಿಂತರು.

"ಯಜಮಾನ್ರೇ, ಚಕ್ರ ಎಲ್ಲಿ?"

"ಬೋಟಿಗೆಲ್ಲಿ ಚಕ್ರ ಸ್ವಾಮಿ?"

"ಹಾಗಾದ್ರೆ ನಿಂಬೆಹಣ್ಣು ಬೇಡ ಬಿಡಿ."

"ಬೇಡ ಅಂದ್ರೆ ಹೆಂಗೆ? ಸ್ಕೂಟರಿಗೆ ಇಟ್ಟಿದೀವಿ, ಕಾರಿಗೆ ಇಟ್ಟಿದೀವಿ. ಇದಕ್ಕೇನು ದೃಷ್ಟಿ ಆಗಲ್ವಾ?"

ಕೊನೆಗೆ ಗಂಡಸರೆಲ್ಲ ಸೇರಿ ದೋಣಿಯನ್ನೆತ್ತಿ ನಿಂಬೆಹಣ್ಣುಗಳ ಮೇಲೆ ಕುಕ್ಕಿದರು. ಎರಡು ಅಪ್ಪಚ್ಚಿಯಾದವು, ಒಂದು ಉರುಳಿಕೊಂಡು ಚರಂಡಿಗೆ ಹೋಯಿತು. ಅಷ್ಟರಲ್ಲಿ ಎದುರು ಮನೆಯಾಕೆ ಅರಿಶಿನ ಕುಂಕುಮದ ಕೈಯನ್ನು ಬಿಳೀ ಹಾಯಿಗೆ ಒತ್ತಿಬಿಟ್ಟಳು.

"ಆಂಟಿ, ಹಾಯಿಗೆ ಹಚ್ಬೇಡಿ! ಕಲೆ ಹೋಗಲ್ಲ!" ಎಂದು ನಿಮ್ಮಕ್ಕ ಕೂಗಿದಳು.

"ದೇವ್ರ ಕಲೆ ಕಣೇ, ಹೋಗ್ಬಾರ್ದು."

ನಿಮ್ಮಪ್ಪ ದೋಣಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. "ನಮ್ಮದು ಸೈಟು, ಶೆಡ್ಡು ಅಂತಲೇ ಮುಗೀತು. ಮುಂದಿನ ಜನರೇಶನ್ನಿಗೆ ಸೈಲಿಂಗೇ" ಎಂದು ಭಾಷಣ ಮಾಡಿದ. ಬಂದವರು ಕೇಸರಿಬಾತು ತಿನ್ನುತ್ತ ಹೌದು ಹೌದು ಎಂದರು. ಒಬ್ಬರೂ ಹುಡುಗಿಯನ್ನು, ನಿನಗೆ ನೀರಿನ ಮೇಲೆ ಏನನ್ನಿಸುತ್ತದೆ ಎಂದು ಕೇಳಲಿಲ್ಲ.

ದೋಣಿಯನ್ನು ಕೆರೆಗೆ ಸಾಗಿಸುವುದು ಇಂದು ನಾಳೆ ಎನ್ನುತ್ತಲೇ ಯುಗಾದಿ ಬಂತು. ಅದಾದ ಮೇಲೆ ಸೀಟು ಕೊಡಿಸುವ ಒಬ್ಬ ಮಹಾನುಭಾವ ಮನೆಗೆ ಬಂದು ಕಾಫಿ ಕುಡಿದು, "ಇದನ್ನ ನಂಬ್ಕೊಂಡ್ರೆ ಸೀಟು ಗ್ಯಾರಂಟಿ ಇಲ್ಲ ಸಾರ್, ಮಾರ್ಕ್ಸೇ ಗತಿ" ಎಂದು ಹೇಳಿಹೋದ. ಮುಂದಿನ ಜನರೇಶನ್ನು ಕಾಫಿ ಲೋಟ ಆರುವುದರೊಳಗೆ ಮುಗಿದುಹೋಯಿತು.

"ಪುಟ್ಟಿ, ಇನ್ಮೇಲೆ ಹತ್ತನೇ ಕ್ಲಾಸು. ಭಾನುವಾರ ಟ್ಯೂಷನ್ನು. ಬೋಟೆಲ್ಲಾ ಆಮೇಲೆ" ಎಂದ ನಿಮ್ಮಪ್ಪ.

ಈ ಊರಿನಲ್ಲಿ ಇದೊಂದು ಆಚಾರವಾಗಿದೆ. ಹತ್ತನೇ ಕ್ಲಾಸು ಬಂತೆಂದರೆ ಸೂತಕ ಬಂದ ಹಾಗೆ. ವೀಣೆ ಗೋಡೆಗೆ ಒರಗುತ್ತದೆ, ಗೆಜ್ಜೆ ಅಟ್ಟ ಸೇರುತ್ತದೆ. ಆಮೇಲೆ ಎನ್ನುತ್ತಾರೆ. ಆ ಆಮೇಲೆ ಬಂದದ್ದನ್ನು ನಾನಂತೂ ನೋಡಿಲ್ಲ. ಮಗುವಿಗೆ ಒಂದರಲ್ಲಿ ಜೀವ ಬಂತೆಂದರೆ ಇವರಿಗೆ ಅದನ್ನು ಮಾರ್ಕ್ಸಿಗೆ ಬದಲಾಯಿಸಿಕೊಳ್ಳಬೇಕು. ಆಗದಿದ್ದರೆ ಚಿವುಟಬೇಕು. ನಿಮ್ಮಪ್ಪನನ್ನು ಹೆತ್ತವಳು ನಾನೇ, ಆದರೂ ಹೇಳುತ್ತೇನೆ, ಇಂಥ ಬುದ್ಧಿಗೆ ನನ್ನಲ್ಲಿ ಮರ್ಯಾದೆಯಿಲ್ಲ.

ಹುಡುಗಿ ಅಳಲಿಲ್ಲ, ಊಟ ಕಡಿಮೆ ಮಾಡಿದಳು. ಒಂದು ಶನಿವಾರ ಅಡುಗೆಮನೆಗೆ ಬಂದು ಹೇಳಿದಳು. ಕೆರೆಯಲ್ಲಿ ಅವರದೇ ದೋಣಿ ಕೊಡುತ್ತಾರಂತೆ. ಆದರೆ ಶಾಲೆಯವರಿಲ್ಲದೆ ಬಂದರೆ ಮನೆಯ ದೊಡ್ಡವರೊಬ್ಬರು ದಡದಲ್ಲಿ ಕೂತಿರಬೇಕು, ಇಲ್ಲದಿದ್ದರೆ ಮಕ್ಕಳನ್ನು ನೀರಿಗಿಳಿಸುವುದಿಲ್ಲ.

"ಒಂದೇ ಒಂದು ಸಲ ಬರ್ತೀಯಾ ಅಜ್ಜಿ? ನೀನು ಯಾರ ಹತ್ರಾನೂ ಮಾತಾಡ್ಬೇಕಾಗಿಲ್ಲ."

ನಿಮ್ಮ ತಾತ ಹೋದ ಮೇಲೆ ನಾನು ಗುರುತಿಲ್ಲದವರ ನಡುವೆ ಹೋದದ್ದು ಕಡಿಮೆ. ಆದರೂ ಮರುದಿನ ಬೆಳಿಗ್ಗೆ, ದೇವಸ್ಥಾನಕ್ಕೆ ಎಂಬ ನೆಪವನ್ನೂ ಹೇಳದೆ ಹೊರಟೆವು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದು, ಅಲ್ಲಿಂದ ಆಟೋ.

ದಡದಲ್ಲಿ ದೋಣಿಗಳು ಸಾಲಾಗಿ ಬೋರಲು ಬಿದ್ದಿದ್ದವು. ಮಕ್ಕಳು ಮಾತ್ರ ಬೆರಳೆಣಿಕೆಯಷ್ಟು, ಎಲ್ಲ ಸಣ್ಣವರು. ಕಲಿಸುವ ಮೇಷ್ಟ್ರು ನನಗೊಂದು ಕುರ್ಚಿ ಹಾಕಿದರು.

"ಹತ್ತನೇ ಕ್ಲಾಸಿನವರು ಅಂದ್ರೆ ಇವಳೊಬ್ಬಳೇ ಅಮ್ಮ. ಚೆನ್ನಾಗಿ ಕಲಿತವರೆಲ್ಲ ಈ ವಯಸ್ಸಿಗೆ ಬಿಟ್ಟು ಹೋಗ್ತಾರೆ. ಪ್ರತಿವರ್ಷ ಮತ್ತೆ ಮೊದಲಿಂದ ಶುರು."

ನಾನು ಸೆರಗು ಹೊದ್ದು ಕೂತೆ. ಹುಡುಗಿಯ ದೋಣಿ ಕೆರೆಯ ನಡುವಿಗೆ ಹೋಯಿತು. ಗಾಳಿ ಎದುರಿಗಿತ್ತು. ಅವಳು ಹೇಳಿದ್ದ ಹಾಗೆಯೇ ವಾರೆವಾರೆಯಾಗಿ ಮುಂದೆ ಸಾಗುತ್ತಿದ್ದಳು, ಮೈಯನ್ನು ಅರ್ಧ ಹೊರಗೆ ಚಾಚಿ.

ಆಗ ಫೋನು ಬಂತು.

"ಅಮ್ಮಾ, ಎಲ್ಲಿದೀಯ? ಅವಳಿಗೆ ಹತ್ತೂವರೆಗೆ ಟ್ಯೂಷನ್ನಲ್ಲಿ ಟೆಸ್ಟ್ ಇದೆ! ಈಗ್ಲೇ ಕರ್ಕೊಂಡ್ ಬಾ!"

"ನೀರಲ್ಲಿದಾಳೆ ಕಣಪ್ಪ."

"ಹಂಗಾದ್ರೆ ಕೂಗು!"

ಮೇಷ್ಟ್ರು, ಮಕ್ಕಳು, ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆದರೂ ಗಟ್ಟಿಯಾಗಿಯೇ ಹೇಳಿದೆ.

"ನಾನು ಕೂಗಲ್ಲ. ಬೇಕಾದ್ರೆ ನೀನೇ ಬಂದು ಈಜ್ಕೊಂಡ್ ಹೋಗಿ ಕರ್ಕೊಂಡ್ ಬಾ. ಮುಂದಿನ ಭಾನುವಾರಾನೂ ನಾವು ಇಲ್ಲೇ ಇರ್ತೀವಿ."

ಫೋನು ಆರಿಸಿ ಮಡಿಲಲ್ಲಿಟ್ಟುಕೊಂಡು, ಅವಳು ದಡಕ್ಕೆ ಬರುವವರೆಗೂ ಕೂತಿದ್ದೆ.