‘ಹೋಗ್ತೀನಿ’ ಅನ್ನಬಾರದ ಮನೆ

ಮಗಳ ಟೀಚರ್ ಲ್ಯಾಪ್‌ಟಾಪ್ ಪರದೆಯೊಳಗಿನಿಂದಲೇ ನಮ್ಮ ಮನೆಗೆ ಕಾನೂನು ಮಾಡಿದ್ದು ಲಾಕ್‌ಡೌನಿನ ಮೊದಲ ದಿನಗಳಲ್ಲಿ. ಹುಡುಗಿ ಕ್ಲಾಸಿನಲ್ಲಿ ತಡವರಿಸುತ್ತಾಳಂತೆ. ಕನ್ನಡದಿಂದ ಗೊಂದಲವಂತೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕಂತೆ. ನಮ್ಮವರು ತಲೆಯಾಡಿಸಿಬಿಟ್ಟರು. ಅಂದಿನಿಂದ ಮಲೇಷ್ಯಾದ ಬಾಂಗ್ಸಾರಿನ ಆ ಫ್ಲ್ಯಾಟಿನಲ್ಲಿ ಉಪ್ಪು ಕೇಳುವುದೂ ಇಂಗ್ಲಿಷಿನಲ್ಲೇ.

ನನಗೆ ಮೈಯೆಲ್ಲ ಉರಿಯಿತು. ಇದೇ ಹುಡುಗಿ ಎದುರು ಮನೆಯ ತಮಿಳು ಅಕ್ಕನ ಹತ್ತಿರ ತಮಿಳಿನಲ್ಲೇ ಮುರುಕು ಇಸಕೊಂಡು ಬರುತ್ತಿದ್ದಳು. ಕೆಳಗಿನ ಸೆಕ್ಯುರಿಟಿಯವನನ್ನು ಮಲಯ್ ಮಾತಾಡಿ ನಗಿಸುತ್ತಿದ್ದಳು. ಅಲ್ಲೆಲ್ಲ ಇಲ್ಲದ ಗೊಂದಲ ಹೆತ್ತವಳ ಮಾತಿನಿಂದ ಮಾತ್ರ ಹುಟ್ಟುತ್ತದೆಯೇ? ನನಗೆ ಇಂಗ್ಲಿಷಿನಲ್ಲಿ ಮುದ್ದು ಮಾಡಲು ಬಾರದು, ಬೈಯಲೂ ಬಾರದು. ‘ಈಟ್’, ‘ಸ್ಲೀಪ್’ ಎಂದು ಹೇಳಿದರೆ ಮುಗಿಯಿತು. ಒಂದೇ ಮನೆಯಲ್ಲಿದ್ದು ಮಗಳು ನನ್ನಿಂದ ಕಳಚಿಕೊಳ್ಳುತ್ತಿದ್ದಳು.

ಆಗ ಸಾಮಾನು ತರಲು ಮನೆಗೊಬ್ಬರೇ ಹೊರಗೆ ಹೋಗಬಹುದಿತ್ತು. ಒಂದು ಬೆಳಿಗ್ಗೆ ನಮ್ಮವರು ಮಾಸ್ಕ್ ಹಾಕಿಕೊಂಡು ಬಾಗಿಲ ಬಳಿ ನಿಂತು, “ಓಕೆ, ಐ ಆಮ್ ಗೋಯಿಂಗ್” ಎಂದರು.

ಕಾಲವೋ ಹಾಳು ರೋಗದ ಕಾಲ. ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಬರೀ ‘ಹೋಗ್ತೀನಿ’ ಅಂದವರನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ‘ಹೋಗಿ ಬರ್ತೀನಿ’ ಅನ್ನಿಸಿಯೇ ಕಳಿಸುವುದು. ನಾನು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

“ಸರಿಯಾಗಿ ಹೇಳ್ರೀ.”

“ಶ್! ಕ್ಲಾಸ್ ನಡೀತಿದೆ ಕಣೇ, ಮೈಕ್ ಆನ್ ಇದೆ.”

“ಇರ್ಲಿ, ಟೀಚರೂ ಕೇಳಿಸ್ಕೊಳ್ಳಲಿ. ಗಂಡ ಸುಖವಾಗಿ ಮನೆಗೆ ಬರ್ಲಿ ಅನ್ನೋಕೂ ಅವರ ಪರ್ಮಿಷನ್ ಬೇಕಾ ನನಗೆ?”

“ಏನೇ ಇದು ಹಟ? ಅಂಗಡಿ ಮುಂದೆ ಕ್ಯೂ ಬೆಳೆಯುತ್ತೆ, ಚೀಲ ಕೊಡು.”

“ಕೊಡಲ್ಲ.”

ಊಟದ ಮೇಜಿನ ಕಡೆಯಿಂದ ಮಗಳು ಕಿರುಚಿದಳು. ಮಾತಿನ ಬಾಲಕ್ಕೆ ಇಲ್ಲಿಯವರ ‘ಲಾ’ ಬೇರೆ.

“ಅಪ್ಪಾ, ಹೋಗಿ ಬರ್ತೀನಿ ಅಂತ ಹೇಳು ಲಾ! ಹೇಳ್ದೆ ಹೋದ್ರೆ ನೀನು ಬರಲ್ಲ!”

ಅವಳ ಕಣ್ಣಲ್ಲಿ ನೀರು. ಪರದೆಯೊಳಗಿನಿಂದ ದನಿ ಬಂತು: “ಇಂಗ್ಲಿಷ್, ಪ್ಲೀಸ್.”

ನಮ್ಮವರು ಪರದೆಯನ್ನು ನೋಡಿದರು, ಮಗಳನ್ನು ನೋಡಿದರು. ಮಾಸ್ಕ್ ಕೆಳಗೆಳೆದು, “ಹೋಗಿ ಬರ್ತೀನಿ ಪುಟ್ಟಿ” ಎಂದರು. ನಾನು ಚೀಲ ಕೊಟ್ಟೆ.

ಸಿಟ್ಟು ಮಾತ್ರ ಇಳಿಯಲಿಲ್ಲ. ಬಾಗಿಲು ಹಾಕಿ ನೇರ ಮೇಜಿನ ಬಳಿ ಹೋದೆ. ಮೈಕ್ ಇನ್ನೂ ಆನ್ ಇತ್ತು. “ಮುಖ ಒರೆಸ್ಕೊ. ಜಡೆ ಬಿಚ್ಚಿಹೋಗಿದೆ, ಈ ಕಡೆ ತಿರುಗು, ಹಾಕ್ತೀನಿ” ಎಂದೆ, ಪರದೆಯ ಆಚೆಗೂ ಕೇಳುವ ಹಾಗೆ, ಗಟ್ಟಿಯಾಗಿ.