ಮೂರನೇ ಮೆಟ್ಟಿಲಿನ ಮಾಮ

ಅವರ ಬಲಗಾಲಿನ ಬೂಟಿನ ಹಿಮ್ಮಡಿ ಎಡಗಾಲಿನದಕ್ಕಿಂತ ಅರ್ಧ ಇಂಚಾದರೂ ಹೆಚ್ಚು ಸವೆದಿರುತ್ತಿತ್ತು. ನಿಂತರೆ ಒಂದು ಕಡೆ ವಾಲಿದಂತೆ ಕಾಣುತ್ತಿದ್ದರು. ಕಾಲಿನಲ್ಲಿ ಊನವೇನೂ ಇರಲಿಲ್ಲ. ಕಾಂಕ್ರೀಟು ಕಂಡಲ್ಲೆಲ್ಲ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, ಕತ್ತು ಓರೆ ಮಾಡಿ ಸದ್ದು ಕೇಳುವ ಚಾಳಿ ಅವರದು. ಗ್ರೋಸರಿ ಅಂಗಡಿಯ ಮೆಟ್ಟಿಲು, ನಮ್ಮ ಅಪಾರ್ಟ್‌ಮೆಂಟಿನ ವರಾಂಡ, ಮಗಳ ಸ್ಕೂಲಿನ ಮುಂದಿನ ಕಾಲುದಾರಿ, ಯಾವುದನ್ನೂ ಬಿಟ್ಟವರಲ್ಲ. "ಇಲ್ಲಿ ಟೊಳ್ಳುಂಟು ಮಾರಾಯ್ತಿ, ಈಚೆಯಿಂದ ನಡಿ" ಎನ್ನುತ್ತಿದ್ದರು. ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ ಊರನ್ನೆಲ್ಲ ತಟ್ಟುತ್ತಾರೆ ಎಂದು ನನ್ನ ಗಂಡ ನಗುತ್ತಿದ್ದ.

ಮಂಗಳೂರಿನವರು. ಕಟ್ಟಡಗಳ ಎಂಜಿನಿಯರು. ನಾವು ಯೂನಿಯನ್ ಸಿಟಿಗೆ ಬಂದು ಇಳಿಯುವ ಹೊತ್ತಿಗೆ ಅವರು ಈ ದೇಶಕ್ಕೆ ಬಂದು ಹದಿನೈದು ವರ್ಷವಾಗಿತ್ತು. ದಿನವೂ ಸೇತುವೆ ದಾಟಿ ಮೆನ್ಲೋ ಪಾರ್ಕಿನ ಒಂದು ಸಣ್ಣ ಆಫೀಸಿಗೆ ಹೋಗಿ, ಹಳೆಯ ಕಟ್ಟಡಗಳು ಇನ್ನೆಷ್ಟು ದಿನ ನಿಲ್ಲುತ್ತವೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ನನ್ನ ಮಗಳು ಅವರನ್ನು ಮಾಮ ಎಂದು ಕರೆದಳು. ಅದೇ ನಮ್ಮೆಲ್ಲರ ಬಾಯಲ್ಲೂ ಉಳಿಯಿತು.

ಪರಿಚಯವಾದದ್ದು ಫುಟ್‌ಬಾಲ್ ಮೈದಾನದಲ್ಲಿ. ನಮ್ಮಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದರು. ಭಾನುವಾರ ಕಾರ್ಖಾನೆಯ ತಂಡ ಆಡಿದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗ್ಯಾಲರಿಯಲ್ಲಿ ನಿಲ್ಲುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಹುಚ್ಚಿಗೆ ಜಾಗವಿರಲಿಲ್ಲ. ಗಂಡನಿಗೆ ಆಟವೆಂದರೆ ಕ್ರಿಕೆಟ್ಟು, ಅದೂ ರೇಡಿಯೋದಲ್ಲಿ. ಒಂದು ಭಾನುವಾರ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಫ್ರೀವೇ ಇಳಿದಾಗ ಡೋಲಿನ ಸದ್ದು ಕೇಳಿಸಿತು. ಸದ್ದಿನ ಹಿಂದೆಯೇ ಹೋದೆ. ಒಂದು ಬೇಲಿ, ಬೇಲಿಯೊಳಗೆ ಹುಲ್ಲು ಹರಿದ ಮೈದಾನ, ಒಂದು ಬದಿಗೆ ಉದ್ದಕ್ಕೂ ಎಂಟು ಕಾಂಕ್ರೀಟು ಮೆಟ್ಟಿಲು. ಕುರ್ಚಿಯಿಲ್ಲ, ಬೆಂಚಿಲ್ಲ. ಮುನ್ನೂರು ಜನ ನಿಂತಿದ್ದರು. ಪೋರ್ಚುಗೀಸ್ ಎಂದು ಆಮೇಲೆ ಗೊತ್ತಾದ ಭಾಷೆಯ ಗದ್ದಲದ ನಡುವೆ ಮೂರನೇ ಮೆಟ್ಟಿಲಿನಿಂದ ಯಾರೋ ಕೂಗಿದರು: "ಬಾಲ್ ಬಿಡು ಮಾರಾಯಾ, ಅದೆಂತ ನಿನ್ನ ಅಪ್ಪನ ಆಸ್ತಿಯಾ!"

ನಾನು ನುಗ್ಗಿಕೊಂಡು ಹೋಗಿ ಕೇಳಿದೆ, "ಕನ್ನಡದವರಾ?"

"ಅಲ್ಲ, ಮಂಗಳೂರಿನವ" ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ಕನ್ನಡವೂ ಬರ್ತದೆ. ಇಲ್ಲಿ ನಿಲ್ಲಿ, ಇಲ್ಲಿಂದ ಗೋಲು ಸರೀ ಕಾಣ್ತದೆ" ಎಂದು ಪಕ್ಕಕ್ಕೆ ಸರಿದರು. ಆರು ವರ್ಷ ನಾನು ನಿಂತದ್ದು ಆ ಜಾಗದಲ್ಲಿ.

ಆ ಮೈದಾನದ ಫುಟ್‌ಬಾಲ್ ಕ್ಲಬ್ಬು ಕಟ್ಟಿದ್ದು ವಲಸೆ ಬಂದ ಪೋರ್ಚುಗೀಸರು. ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ದುಡಿದ ಜನ. ಎಂಟನೇ ಮೆಟ್ಟಿಲು ಡೋಲಿನಜ್ಜನದು. ಎಪ್ಪತ್ತರ ಹತ್ತಿರದ ಮನುಷ್ಯ. ಹುಡುಗನಾಗಿದ್ದಾಗ ತನ್ನ ತಂದೆಯ ಜೊತೆ, ಕೆಲಸವಿಲ್ಲದ ಭಾನುವಾರಗಳಲ್ಲಿ, ಆ ಮೆಟ್ಟಿಲುಗಳಿಗೆ ಕಾಂಕ್ರೀಟು ಹೊತ್ತವನು. ಅದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಯಾರ ಜಾಗ ಯಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಹೊಸಬ ಬಂದು ಇನ್ನೊಬ್ಬರ ಜಾಗದಲ್ಲಿ ನಿಂತರೆ ಇಡೀ ಸಾಲು ಕೆಮ್ಮುತ್ತಿತ್ತು. ಮಾಮನ ಹೆಂಡತಿ ಸ್ಟೀಲಿನ ಡಬ್ಬಿಯಲ್ಲಿ ಕಳಿಸುತ್ತಿದ್ದ ಗೋಳಿಬಜೆ ಮೂರನೇ ಮೆಟ್ಟಿಲಿನಿಂದ ಕೈಯಿಂದ ಕೈಗೆ ಎಂಟನೆಯದಕ್ಕೆ ಏರುತ್ತಿತ್ತು, ಡಬ್ಬಿ ಖಾಲಿಯಾಗಿ ಇಳಿಯುತ್ತಿತ್ತು. ಗೋಲು ಬಿದ್ದರೆ ಮುನ್ನೂರು ಜನವೂ ಒಟ್ಟಿಗೆ ಹಾರುತ್ತಿದ್ದರು. ಕಾಲಡಿಯ ಕಾಂಕ್ರೀಟು ನಡುಗಿ ಅದು ಮಂಡಿಯವರೆಗೆ ಬರುತ್ತಿತ್ತು. ವಾರವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಗ್ಗಿ ಕೂರುತ್ತಿದ್ದ ನನಗೆ ಆ ನಡುಕ ಎಷ್ಟು ಹಿತವಾಗುತ್ತಿತ್ತು ಎಂದು ಹೇಗೆ ಹೇಳಲಿ? ಅದಕ್ಕಾಗಿಯೇ ಬದುಕಿದ್ದೆ ಎನ್ನಿಸುತ್ತಿತ್ತು.

ಮಾಮನಿಗೆ ಹಿತವಾಗಲಿಲ್ಲ. ಎಂಬತ್ತೆಂಟರ ವಸಂತದಲ್ಲಿ ಒಂದು ಗೋಲಿಗೆ ನಾವೆಲ್ಲ ಹಾರಿದಾಗ ಅವರೊಬ್ಬರು ಹಾರದೆ, ಕತ್ತು ಓರೆ ಮಾಡಿ ನಿಂತಿದ್ದರು. ಆಟ ಮುಗಿದ ಮೇಲೆ ಮೆಟ್ಟಿಲುಗಳ ಹಿಂಬದಿಗೆ, ಬಲೆ ಮತ್ತು ಸುಣ್ಣದ ಚೀಲ ಇಡುವ ಕತ್ತಲೆ ಗೂಡಿಗೆ ನನ್ನನ್ನು ಕರೆದುಕೊಂಡು ಹೋದರು. ತಲೆಯ ಮೇಲಿನ ತೊಲೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು. ಅದರ ಅಂಚಿನಲ್ಲಿ ಕಂದು ಬಣ್ಣದ ಕಲೆ.

"ಕಡಲ ಹೊಯ್ಗೆ ಹಾಕಿದ್ದಾರೆ ಮಾರಾಯ್ತಿ. ಕೊಲ್ಲಿಯ ಬದಿಯಿಂದ ಮರಳು ತಂದು ತೊಳೀದೆ ಹಾಕಿದ್ದು. ಉಪ್ಪು ಒಳಗಿನ ಕಬ್ಬಿಣವನ್ನು ತಿಂತಾ ಉಂಟು. ನಮ್ಮ ಊರಲ್ಲಿ ಎಷ್ಟು ನೋಡಿದ್ದೇನೆ."

"ಬಿರುಕು ಎಲ್ಲಾ ಕಡೆ ಇರುತ್ತಲ್ಲ ಮಾಮ?"

"ಇರ್ತದೆ. ಅದು ಸುಮ್ನೆ ಉಂಟಾ, ಅಲ್ಲಾಡ್ತಾ ಉಂಟಾ, ಅದು ಗೊತ್ತಾಗ್ಬೇಕು. ನಿನ್ನ ಲ್ಯಾಬಿನಲ್ಲಿ ಆ ಗಾಜಿನ ಪಟ್ಟಿ ಉಂಟಲ್ಲ, ರಕ್ತ ಹಚ್ಚಿ ನೋಡ್ಲಿಕ್ಕೆ? ನಾಲ್ಕು ಕೊಡು."

ಅಂಚು ಒಡೆದು ಬಿಸಾಡಲು ಇಟ್ಟಿದ್ದ ನಾಲ್ಕು ಪಟ್ಟಿ ತಂದುಕೊಟ್ಟೆ. ಅವರು ಬಿರುಕಿಗೆ ಅಡ್ಡಲಾಗಿ ಒಂದನ್ನು ಎರಡೂ ತುದಿಗೆ ಗೋಂದು ಮೆತ್ತಿ ಅಂಟಿಸಿದರು. ಬಿರುಕು ಒಂದಿಷ್ಟು ಬಾಯಿ ಬಿಟ್ಟರೂ ಗಾಜು ಎರಡು ತುಂಡಾಗುತ್ತದೆ, ಅಷ್ಟೇ ಉಪಾಯ. ಪಟ್ಟಿಯ ಒಂದು ತುದಿ ಒರಟಾಗಿರುತ್ತದೆ, ಪೆನ್ಸಿಲಿನಲ್ಲಿ ರೋಗಿಯ ಹೆಸರು ಬರೆಯಲು. ಅಲ್ಲಿ ಅವರು ತಾರೀಕನ್ನು ಕನ್ನಡ ಅಂಕಿಯಲ್ಲಿ ಬರೆದರು. "ಯಾರಾದ್ರೂ ನೋಡಿದ್ರೂ ಎಂತದಂತ ಗೊತ್ತಾಗ್ಲಿಕ್ಕಿಲ್ಲ" ಎಂದು ಕಣ್ಣು ಮಿಟುಕಿಸಿದರು. ಅಷ್ಟು ಬುದ್ಧಿವಂತ ಮನುಷ್ಯನಿಗೆ, ಆ ಮೈದಾನದಲ್ಲಿ ಆ ಅಂಕಿ ಬರೆಯಬಲ್ಲವರು ಇಬ್ಬರೇ ಎಂಬುದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಸೋಮವಾರ ಅಂಟಿಸಿದ್ದು ಶನಿವಾರದವರೆಗೂ ಇಡಿಯಾಗಿತ್ತು. ಭಾನುವಾರ ನಾವು ಮೂರು ಗೋಲು ಹೊಡೆದೆವು. ಗಾಜು ತುಂಡಾಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯ ವಾರ ನಮ್ಮ ತಂಡ ಗೋಲಿಲ್ಲದೆ ಸೋತಿತು, ಯಾರೂ ಹಾರಲಿಲ್ಲ, ಗಾಜು ಇಡಿಯಾಗಿ ಉಳಿಯಿತು. ನಾಲ್ಕನೆಯ ಭಾನುವಾರ ನಾನು ಮಗಳ ಕೈ ಹಿಡಿದುಕೊಂಡು, ದೇವರೇ, ಇವತ್ತು ನಮ್ಮವರು ಗೋಲು ಹೊಡೆಯದಿರಲಿ ಎಂದು ಬೇಡಿಕೊಂಡೆ. ತೊಂಬತ್ತನೇ ನಿಮಿಷದಲ್ಲಿ ಹೊಡೆದರು. ಮಗಳು ಎಲ್ಲರಿಗಿಂತ ಎತ್ತರ ಹಾರಿದಳು.

"ಬರೀಲೇಬೇಕು" ಎಂದರು ಮಾಮ, ತುಂಡಾದ ಗಾಜನ್ನು ನೋಡುತ್ತಾ. "ಸಿಟಿ ಆಫೀಸಿಗೆ ಕಾಗದ ಹಾಕಿದ್ರೆ ಮುಚ್ತಾರೆ. ಇಷ್ಟು ಹಳೇದನ್ನು ರಿಪೇರಿ ಮಾಡ್ಲಿಕ್ಕೆ ಕ್ಲಬ್ಬಿನವರ ಹತ್ರ ಆಗ್ಲಿಕ್ಕಿಲ್ಲ. ಮೊದಲು ಡೋಲಿನವನಿಗೆ ಹೇಳ್ತೇನೆ. ಅವನ ಅಪ್ಪ ಹೊತ್ತದ್ದು ಅದು."

"ಬೇಡ ಮಾಮ" ಎಂದೆ. "ಸುಮ್ನೆ ಕಾಗದ ಹಾಕಿ. ನಿಮ್ಮ ಹೆಸರು ಯಾಕೆ ಹೊರಗೆ ಬರ್ಬೇಕು? ಆಮೇಲೆ ಅವ್ರ ಮಧ್ಯೆ ನಿಂತ್ಕೊಳ್ಳೋಕಾಗುತ್ತಾ ನಾವು?"

ನಾವು ಎಂದಿದ್ದೆ. ಹೆದರಿದ್ದು ನನ್ನ ಸಲುವಾಗಿ. ಕೊನೆಗೆ ಅವರು ನನ್ನ ಮಾತಿಗೆ ಒಪ್ಪಿದರು.

ಎರಡು ವಾರದಲ್ಲಿ ಸಿಟಿಯವರು ಬಂದು ನೋಡಿ, ಮೆಟ್ಟಿಲುಗಳ ಸುತ್ತ ತಂತಿಬೇಲಿ ಹಾಕಿದರು. ಒಂದು ಶನಿವಾರ ಮಧ್ಯಾಹ್ನ ಕ್ಲಬ್ಬಿನವರು ತಮ್ಮ ಹಾಲ್‌ನಲ್ಲಿ ಮೀಟಿಂಗು ಕರೆದರು. ಬಲೆ ತೆಗೆಯಲು ಗೂಡಿಗೆ ಹೋದವರಿಗೆ ಗಾಜು ಸಿಕ್ಕಿತ್ತು. ಡೋಲಿನಜ್ಜ ಕರವಸ್ತ್ರ ಬಿಚ್ಚಿ ತುಂಡುಗಳನ್ನು ಮೇಜಿನ ಮೇಲಿಟ್ಟ. ಆಮೇಲೆ ನೇರ ನನ್ನ ಹತ್ತಿರ ಬಂದ. ನನ್ನ ಕೆಲಸ ಏನೆಂದು ಅವನಿಗೆ ಗೊತ್ತಿತ್ತು. ಅವನ ಸಕ್ಕರೆ ಕಾಯಿಲೆಯ ರಿಪೋರ್ಟು ಓದಿ ಅರ್ಥ ಹೇಳುತ್ತಿದ್ದವಳೇ ನಾನು.

"ಇದು ನಿಮ್ಮ ಭಾಷೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೌದು."

"ನೀನು ಬರೆದದ್ದಾ?"

ಮಾಮ ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ಹೇಳಬಹುದಾಗಿದ್ದ ಮಾತುಗಳು ಎಷ್ಟಿದ್ದವು! ಗಾಜು ಕೊಟ್ಟವಳು ನಾನು ಎನ್ನಬಹುದಿತ್ತು. ಈ ಮೆಟ್ಟಿಲಿನ ಮೇಲೆ ನನ್ನ ಮಗಳೂ ಹಾರುತ್ತಾಳೆ, ನಿಮ್ಮ ಮೊಮ್ಮಕ್ಕಳೂ ಹಾರುತ್ತಾರೆ ಎನ್ನಬಹುದಿತ್ತು. ನಾನು ಹೇಳಿದ್ದು ಒಂದೇ ಮಾತು: "ಅದು ನನ್ನ ಕೈಬರಹ ಅಲ್ಲ."

ಸುಳ್ಳೇನೂ ಅಲ್ಲ. ಇಡೀ ಸಭೆ ಬಾಗಿಲ ಕಡೆ ತಿರುಗಿತು.

ಮಾಮ ನಡೆದು ಮುಂದೆ ಬಂದರು. ಬರೆದದ್ದು ತಾನು, ಕಾಗದ ಹಾಕಿದ್ದೂ ತಾನೇ ಎಂದರು. ಉಪ್ಪು, ಮರಳು, ತುಕ್ಕು ಎಲ್ಲವನ್ನೂ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಡೋಲಿನಜ್ಜ ಕೇಳಿಸಿಕೊಂಡು, "ಆ ಮರಳನ್ನು ಹೊತ್ತದ್ದು ನನ್ನಪ್ಪ" ಎಂದ. "ಗೊತ್ತು. ನಿಮಗೆ ಮೊದಲೇ ಹೇಳಬೇಕು ಅಂದುಕೊಂಡಿದ್ದೆ" ಎಂದರು ಮಾಮ. ಅಷ್ಟಕ್ಕೇ ನಿಲ್ಲಿಸಿದರು. ಹೇಳಬೇಡಿ ಎಂದವರು ಯಾರೆಂದು ಬಾಯಿ ಬಿಡಲಿಲ್ಲ. ಯಾರೂ ಅವರನ್ನು ಬೈಯಲಿಲ್ಲ. ಮಾಮ ಹೊರಗೆ ಹೋಗಲು ಎಲ್ಲರೂ ದಾರಿ ಬಿಟ್ಟರು, ಅಷ್ಟೆ.

ಆ ಸೀಸನ್ನಿನ ಉಳಿದ ಆಟಗಳನ್ನು ಒಂದು ಸ್ಕೂಲಿನ ಮೈದಾನದಲ್ಲಿ ಆಡಿದರು. ಮಡಚುವ ಕುರ್ಚಿಗಳನ್ನು ತಂದು ನಾವೆಲ್ಲ ಒಂದು ಬದಿಗೆ ಕೂತೆವು. ಕೂತು ಆಟ ನೋಡುವುದೆಂದರೆ ಮದುವೆಮನೆಯಲ್ಲಿ ಪರಿಚಯವಿಲ್ಲದವರ ಪಂಕ್ತಿಯಲ್ಲಿ ಕೂತ ಹಾಗೆ. ಮಾಮ ಬರುತ್ತಿದ್ದರು. ಎದುರು ಬದಿಗೆ, ಒಬ್ಬರೇ, ನಿಂತುಕೊಂಡು ನೋಡುತ್ತಿದ್ದರು. ಮೊದಲ ದಿನ ಅವರನ್ನು ಕಂಡ ಕೂಡಲೇ ಮಗಳು "ಮಾಮಾ!" ಎಂದು ಓಡಿದಳು. ಅರ್ಧ ದಾರಿ ಹೋಗಿದ್ದಳು. ನಾನು ಕೂಗಿ ವಾಪಸು ಕರೆದೆ.

"ಬಟ್ ವೈ, ಅಮ್ಮ?" ಎಂದು ಕೇಳಿದಳು. ಬಿಸಿಲು ಜಾಸ್ತಿ ಎಂದೆ. ಅವರು ಅತ್ತಲಿಂದ ಕೈ ಎತ್ತಿದರು, ಇರಲಿ ಎನ್ನುವಂತೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಆ ಕುರ್ಚಿಗಳ ಸಾಲು ಬಿಟ್ಟರೆ ನನಗೆ ಬೇರೆ ಭಾನುವಾರವಿಲ್ಲ ಎಂದುಕೊಂಡಿದ್ದೆ. ಅವರಿಗಿತ್ತೇ? ಆ ಪ್ರಶ್ನೆಯನ್ನು ಆಗ ಕೇಳಿಕೊಳ್ಳಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಭೂಕಂಪವಾಯಿತು. ಓಕ್ಲ್ಯಾಂಡಿನಲ್ಲಿ ಎರಡಂತಸ್ತಿನ ಫ್ರೀವೇ ಕುಸಿದು ಜನ ಸತ್ತರು. ನಮ್ಮ ಮನೆಯ ಪಾತ್ರೆಗಳೆಲ್ಲ ನೆಲಕ್ಕೆ ಬಿದ್ದವು. ಆ ಭಾನುವಾರ ಕ್ಲಬ್ಬಿನವರೆಲ್ಲ ಹಳೆಯ ಮೈದಾನಕ್ಕೆ ಹೋದರು, ನಾನೂ ಹೋದೆ. ತಂತಿಬೇಲಿಯೊಳಗೆ ಎಂಟೂ ಮೆಟ್ಟಿಲು ಇದ್ದ ಹಾಗೇ ಇದ್ದವು. ಒಂದು ಚೂರೂ ಉದುರಿರಲಿಲ್ಲ. ಡೋಲಿನಜ್ಜ ಬೇಲಿಗೆ ಹಣೆ ಹಚ್ಚಿ ಅತ್ತ, ಆಮೇಲೆ ಡೋಲು ಬಾರಿಸಿದ. ಜನ ಕೂಗಿದರು. ರಿಪೇರಿಗೆ ಹಣ ಹೊಂದದೆ ಕ್ಲಬ್ಬಿಗೆ ಆ ಜಾಗ ಮತ್ತೆ ಸಿಗುವುದಿಲ್ಲ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಮಾಮ ರಸ್ತೆಯ ಆಚೆ ನಿಂತಿದ್ದರು. ಅವತ್ತು ನಾನು ರಸ್ತೆ ದಾಟಿದೆ. ಒಂದೂವರೆ ವರ್ಷದ ಮೇಲೆ. ಧೈರ್ಯದಿಂದ ಅಲ್ಲ, ಸಿಟ್ಟಿನಿಂದ.

"ನಿಂತಿದೆಯಲ್ಲ ಮಾಮ. ಅಷ್ಟು ದೊಡ್ಡ ಭೂಕಂಪಕ್ಕೇ ಬಿದ್ದಿಲ್ಲ."

"ನೋಡಿದೆ. ಒಳ್ಳೇದಾಯ್ತು."

"ಹಾಗಾದ್ರೆ ನೀವು ಬರೆದದ್ದು ತಪ್ಪಾ?"

"ಆಗಿರ್ಬಹುದು."

"ಜನ ಇದ್ದಿದ್ರೂ ನಿಲ್ತಿತ್ತಾ?"

ಅವರು ಮೆಟ್ಟಿಲುಗಳನ್ನೇ ನೋಡುತ್ತಿದ್ದರು. "ಅದು ಗೊತ್ತಾಗ್ಬೇಕಿದ್ರೆ ಮೇಲೆ ಜನ ನಿಲ್ಲಿಸಿ ನೋಡ್ಬೇಕು ಮಾರಾಯ್ತಿ. ಅದೊಂದು ಬೇಡ ಅಂತ ಅಲ್ವಾ ನಾನು ಹೇಳಿದ್ದು."

ನನ್ನ ಸಿಟ್ಟು ಇಳಿದುಹೋಯಿತು. "ಅವತ್ತು ಮೀಟಿಂಗಲ್ಲಿ ನಾನು..." ಎಂದು ಶುರು ಮಾಡಿದೆ. ಅವರು ತಟ್ಟನೆ ನನ್ನ ಹಿಂದೆ ಬರುತ್ತಿದ್ದ ಮಗಳ ಕಡೆ ತಿರುಗಿ, "ಎಂತದಿದು, ಇಷ್ಟು ಉದ್ದ ಆಗಿದ್ದಾಳೆ!" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಮಾತು ಅಲ್ಲಿಗೇ ಹೋಯಿತು. ನನಗೆ ಹಾಯೆನಿಸಿತು. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ.

ಆ ದಿನ ಬರಲಿಲ್ಲ. ಫೆಬ್ರವರಿಯಲ್ಲಿ ಆಫೀಸಿನ ಮೇಜಿನ ಮುಂದೆಯೇ ಅವರ ಎದೆಬಡಿತ ನಿಂತುಹೋಯಿತು. ಐವತ್ತೆಂಟು ವರ್ಷ. ಮೈದಾನದವರಲ್ಲಿ ಡೋಲಿನಜ್ಜ ಮಾತ್ರ ಅವರ ಮನೆಗೆ ಬಂದು, ಗೇಟಿನ ಹತ್ತಿರ ಟೋಪಿ ತೆಗೆದು ನಿಂತು, ಒಳಗೆ ಬಾರದೆ ಹೋದ. ನಾನು ಒಳಗೆ ಹೋದೆ. ಅವರ ಹೆಂಡತಿಯನ್ನು ನಾನು ಅದುವರೆಗೆ ನಾಲ್ಕೈದು ಸಲ ನೋಡಿದ್ದೆನಷ್ಟೆ. ಯಾರೋ ಕಾಫಿ ತಂದುಕೊಟ್ಟರು. ಆಕೆ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.

"ನಿನ್ನ ಉಪಕಾರ ಮರೀಲಿಕ್ಕುಂಟಾ?" ಎಂದರು. "ಆ ಮೀಟಿಂಗಿನಲ್ಲಿ ಎಲ್ಲರೂ ಇವರ ಮೇಲೆ ಬಿದ್ದಾಗ ನೀನೊಬ್ಬಳು ಎದ್ದು ಇವರ ಪರ ಮಾತಾಡಿದ್ದಿಯಂತೆ. ಅವತ್ತು ಮನೆಗೆ ಬಂದು ನನ್ನ ಹತ್ರ ಹೇಳಿದ್ರು. ಒಬ್ಬಳಾದ್ರೂ ಇದ್ದಳು ಅಂತ ಹೇಳಿದ್ರು."

ಯಾಕೆ ಹಾಗೆ ಹೇಳಿದರೋ. ನನ್ನನ್ನು ಕಾಪಾಡಲೋ, ಗಂಡ ಒಬ್ಬನೇ ಆಗಿಹೋದ ಎಂದು ಹೆಂಡತಿ ಕೊರಗಬಾರದೆಂದೋ, ಅಥವಾ ಹಾಗೆ ನಡೆದಿದ್ದರೆ ಚೆನ್ನಾಗಿತ್ತು ಎಂದು ಅವರಿಗೇ ಅನಿಸಿತ್ತೋ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಾಫಿ ಕುಡಿದು ಎದ್ದು ಬಂದೆ.

ಆಕೆಗೆ ಈಗ ಎಂಬತ್ತು ದಾಟಿದೆ. ಕ್ಯುಪರ್ಟಿನೋದಲ್ಲಿ ಮಗನ ಮನೆಯಲ್ಲಿದ್ದಾರೆ. ದೀಪಾವಳಿಗೆ ತಪ್ಪದೆ ಫೋನು ಮಾಡುತ್ತಾರೆ. ಈ ಸಲ ಹೇಳಿಬಿಡಬೇಕು ಎಂದು ಪ್ರತಿ ವರ್ಷವೂ ರಿಸೀವರು ಎತ್ತುತ್ತೇನೆ. ಮಂಡಿನೋವು, ಮೊಮ್ಮಕ್ಕಳು, ಚಳಿ ಎಲ್ಲ ಮುಗಿಯುವವರೆಗೆ ಕಾಯುತ್ತೇನೆ. ಕೊನೆಗೆ ಆಕೆ, "ನೀನಿದ್ದಿ ಅಂತ ಅವರಿಗೆ ಎಷ್ಟು ಧೈರ್ಯ ಇತ್ತು ಗೊತ್ತುಂಟಾ" ಎನ್ನುತ್ತಾರೆ, ನನಗೆ ಥ್ಯಾಂಕ್ಸ್ ಹೇಳುತ್ತಾರೆ, ಫೋನು ಇಡುತ್ತಾರೆ.